ಕೂಸು ಮನಸ್ಸು ಮಾಡುವ ತಿಂಗಳು

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಇಲ್ಲಿ ಹದಿನೈದು ವರ್ಷದ ಕೆಳಗಿನ ಹೆಣ್ಣುಮಗು ಒಂದೂ ಇರಲಿಲ್ಲ. ನನ್ನನ್ನು ಮನೆ ತುಂಬಿಸಿಕೊಳ್ಳುವಾಗ ಆರತಿ ತಟ್ಟೆ ಹಿಡಿದು ನಿಂತವರು ಇಬ್ಬರು ಗಂಡುಹುಡುಗರು. ಇಬ್ಬರಿಗೂ ತಲೆತುಂಬ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಒಬ್ಬನ ಮೂಗು ಸೋರುತ್ತಿತ್ತು. ಹಾಡು ಮಾತ್ರ ಒಂದಕ್ಷರ ತಪ್ಪಲಿಲ್ಲ. ಸುತ್ತ ನಿಂತವರು ಯಾರೂ ನಗಲಿಲ್ಲ, ಹಾಗಾಗಿ ನಾನೂ ನಗಲಿಲ್ಲ. ತವರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. "ಅವರ ಊರ ಪದ್ಧತಿ ಅವರಿಗೆ" ಎಂದು ಅವಳು ನನ್ನ ತಲೆ ಬಾಚುವುದನ್ನು ಮುಂದುವರಿಸಿದಳು.

ಊರಿನ ಕೆರೆ ದೊಡ್ಡದು. ಪಡುವಣ ದಂಡೆಯಲ್ಲಿ ಬಂಡೆಗಳ ಸಂದಿನಿಂದ ಬಿಸಿನೀರು ಉಕ್ಕುತ್ತದೆ. ಅದನ್ನು ಬುಗ್ಗಿ ದಂಡೆ ಎನ್ನುತ್ತಾರೆ. ಮೂಡಣದ ಕಡೆಯಿಂದ ಗುಡ್ಡದ ತಣ್ಣನೆಯ ಹಳ್ಳ ಬಂದು ಕೆರೆ ಸೇರುತ್ತದೆ. ಅದು ಹಳ್ಳದ ದಂಡೆ. ಬುಗ್ಗಿ ದಂಡೆಯ ನೀರಿನಲ್ಲಿ ಬೆಳೆದ ಮೀನುಮರಿಗಳು ಗಂಡಾಗುತ್ತವೆ, ಹಳ್ಳದ ದಂಡೆಯವು ಹೆಣ್ಣಾಗುತ್ತವೆ. ಈ ಊರಿನ ಬಸುರಿಯರ ಹೊಟ್ಟೆಯೊಳಗಿನ ಮಕ್ಕಳೂ ಹಾಗೆಯೇ. ಮೂರನೇ ತಿಂಗಳಲ್ಲಿ ಕೂಸು ಮನಸ್ಸು ಮಾಡುತ್ತದೆ. ಆ ತಿಂಗಳು ತಾಯಿ ಯಾವ ದಂಡೆಯಲ್ಲಿ ವಾಸವಿದ್ದು, ಯಾವ ನೀರು ಕುಡಿದು, ಯಾವ ನೀರಿನಲ್ಲಿ ಮೀಯುತ್ತಾಳೋ ಕೂಸು ಅದರಂತೆ ಆಗುತ್ತದೆ. ಮನಸ್ಸು ಮಾಡಿದ ಹೊತ್ತು ತಾಯಿಗೆ ಗೊತ್ತಾಗುತ್ತದೆ. ಬಾಯಿ ಒಂದು ಗಳಿಗೆ ಉಪ್ಪುಪ್ಪಾಗುತ್ತದೆ, ಅಷ್ಟೇ. ತವರಿಗೆ ಹೋಗಿ ತಪ್ಪಿಸಿಕೊಳ್ಳಲು ನೋಡಿದವರೂ ಇದ್ದರು. ಅವರ ಕೂಸು ಆರನೇ ತಿಂಗಳವರೆಗೂ ಸುಮ್ಮನಿದ್ದು, ತಾಯಿ ತಿರುಗಿ ಬಂದು ಇಲ್ಲಿನ ನೀರಿನಲ್ಲಿ ಕಾಲು ತೊಳೆದ ಮೇಲೆಯೇ ಮನಸ್ಸು ಮಾಡಿತಂತೆ.

ಹಿಂದೆ ಇದಕ್ಕೊಂದು ಕಟ್ಟಳೆ ಇತ್ತು. ಮೊದಲನೆಯದು ಬಿಸಿ, ಎರಡನೆಯದು ತಂಪು. ಎರಡೂ ದಂಡೆಗಳಲ್ಲಿ ಬಸುರಿಯರಿಗಾಗಿ ಕಟ್ಟಿದ ಸಾಲುಕೋಣೆಗಳಿದ್ದವು. ಕದ್ದುಮುಚ್ಚಿ ಕಟ್ಟಳೆ ಮುರಿದವರಿದ್ದರೂ ಊರು ಹೇಗೋ ಸಮನಾಗಿ ನಡೆದುಕೊಂಡು ಬಂದಿತ್ತು. ಆಮೇಲೆ ಮೀನುಗಾರರ ಸಂಘ ಜಿಲೇಬಿ ಮೀನು ಸಾಕಲು ಶುರುಮಾಡಿತು. ಜಿಲೇಬಿಯಲ್ಲಿ ಗಂಡು ಮೀನು ಬೇಗ ದಪ್ಪಗಾಗುತ್ತದೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಉಪವಾಸ ಕೂರುವುದರಿಂದ ಸೊರಗುತ್ತದೆ. ಹಾಗಾಗಿ ಎಲ್ಲ ಮರಿಗಳನ್ನೂ ಗಂಡು ಮಾಡುವುದೆಂದು ತೀರ್ಮಾನವಾಯಿತು. ಸಮತಟ್ಟು ನೆಲವಿದ್ದದ್ದು ಹಳ್ಳದ ದಂಡೆಯಲ್ಲಿ. ಅಲ್ಲಿ ಮರಿಹೊಂಡಗಳನ್ನು ತೋಡಿ, ಬುಗ್ಗಿಯಿಂದ ಕಾಲುವೆ ಎಳೆದು, ಬಿಸಿನೀರು ಹಾಯಿಸಿದರು. ಮೀನು ಅಂಗೈಯಗಲವಿದ್ದದ್ದು ಮೊರದಗಲವಾಯಿತು. ಮನೆಗಳಿಗೆ ತಾರಸಿ ಬಂತು. ಹಳ್ಳದ ದಂಡೆಯೂ ಬೆಚ್ಚಗಾಯಿತು ಎಂಬುದನ್ನು ಮೊದಲ ವರ್ಷ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡೂ ದಂಡೆಗಳಲ್ಲಿ ಗಂಡು ಹುಟ್ಟಿದವು, ಪೇಡೆ ಹಂಚಿದರು. ಮರುವರ್ಷವೂ ಹಂಚಿದರು.

ನಾನು ಬರುವ ಹೊತ್ತಿಗೆ ಪೇಡೆ ಹಂಚುವುದು ನಿಂತಿತ್ತು. ಹೆಣ್ಣುಮಕ್ಕಳ ಶಾಲೆಯ ಕಟ್ಟಡದಲ್ಲಿ ಬಲೆ ಪೇರಿಸಿದ್ದರು. ಬಳೆಗಾರ ತನ್ನ ಪೆಟ್ಟಿಗೆಯಲ್ಲಿ ಸಣ್ಣ ಬಳೆಗಳ ಬದಲು ಬುಗುರಿ ಮತ್ತು ಸೈಕಲ್ ಗಂಟೆ ತರುತ್ತಿದ್ದ. ಕುಂಟಾಬಿಲ್ಲೆಯನ್ನು ಹುಡುಗರೇ ಆಡುತ್ತಿದ್ದರು, ಆಟ ಪ್ರತಿಸಲವೂ ಹೊಡೆದಾಟದಲ್ಲಿ ಮುಗಿಯುತ್ತಿತ್ತು. ಮೀನು ಮಾರುವುದು ಇಲ್ಲಿ ಹೆಂಗಸರ ಕೆಲಸ. ಮುದುಕಿಯರು ಒಬ್ಬೊಬ್ಬರಾಗಿ ಸಂತೆಗೆ ಬರುವುದನ್ನು ಬಿಟ್ಟಂತೆ ಅವರ ಜಾಗದಲ್ಲಿ ಗಂಡಸರು ಬಂದು ಕುಳಿತಿದ್ದರು. ನನ್ನ ಅತ್ತೆ ಕಾಶವ್ವನಿಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. "ಗಂಡಸರಿಗೆ ಕೂಗಾಕ ಬರೂದಿಲ್ಲ, ಚೌಕಾಸಿ ಬರೂದಿಲ್ಲ. ಗಿರಾಕಿ ಬೈದ್ರ ತಿರುಗಿ ಬೈಯಾಕೂ ಬರೂದಿಲ್ಲ. ಕೈ ಎತ್ತತಾವ, ಇಲ್ಲಾ ಸುಮ್ನ ಕುಂದ್ರತಾವ" ಎನ್ನುತ್ತಿದ್ದಳು. ಅವಳು ಎತ್ತರದ ಹೆಂಗಸು. ಮುಂದಿನ ಒಂದು ಹಲ್ಲು ಇರಲಿಲ್ಲ. ನಾಲ್ಕು ಗಂಡುಮಕ್ಕಳನ್ನು ಹೆತ್ತಿದ್ದಳು. ಮೂವರು ಬೇರೆ ಮನೆ ಮಾಡಿದ್ದರು. ಎರಡನೆಯವನು ಬರಮಪ್ಪ, ನನ್ನ ಗಂಡ.

ನಮ್ಮವರು ಸಂಘದಲ್ಲಿ ಕೆಲಸಕ್ಕಿದ್ದರು. ಬಿಸಿನೀರಿನ ಕಾಲುವೆಗೆ ಒಂದು ಕಬ್ಬಿಣದ ಬಾಗಿಲಿತ್ತು. ಮರಿಹೊಂಡದ ನೀರು ತಣಿದರೆ ಬಾಗಿಲನ್ನು ಏರಿಸಿ ಬಿಸಿನೀರು ಬಿಡುವುದು, ಬೇಸಿಗೆಯಲ್ಲಿ ಸ್ವಲ್ಪ ಇಳಿಸುವುದು, ಮರಿಗಳು ಮೇಲೆ ತೇಲಿ ಬಾಯಿ ಬಿಡುತ್ತವೋ ನೋಡುವುದು ಇವರ ಕೆಲಸ. ಅವರು ಕಡಿಮೆ ಮಾತಿನವರು. ಊಟಕ್ಕೆ ಕುಳಿತಾಗ ಕೈಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ, ಒಂದು ಗಳಿಗೆ ಹಾಗೇ ಇಟ್ಟುಕೊಂಡು, ಅದು ಎಷ್ಟು ಬೆಚ್ಚಗಿದೆ ಎಂದು ನೋಡುವ ಅಭ್ಯಾಸವಾಗಿಬಿಟ್ಟಿತ್ತು.

ನಾನು ಬಸುರಾದದ್ದು ತಿಳಿದ ದಿನ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿಂಗ ಏನು ಬೇಕು?" ಎಂದಳು.

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಈ ಊರಿನಲ್ಲಿ ಆಗ ಬೇಕು ಬೇಡ ಎನ್ನುವುದಕ್ಕೆ ಜಾಗವೂ ಇರಲಿಲ್ಲ. "ಹೆಣ್ಣು ಆದ್ರ ಚಲೋ" ಎಂದೆ. ಯಾಕೆ ಎಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಅವಳು ಕೇಳಲಿಲ್ಲ.

ಊಟದ ಹೊತ್ತಿಗೆ ಮಗನಿಗೆ ಹೇಳಿದಳು. "ಬರಮ್ಯಾ, ಒಂದು ತಿಂಗಳು ಆ ಬಾಗಲ ಇಳಸು."

"ಹ್ಯಾಂಗ ಇಳಸ್ಲೆವ್ವಾ? ಹೊಂಡದ ತುಂಬ ಮರಿ ಬಿಟ್ಟಾರ. ಈಗ ತಣ್ಣೀರು ಹೊಕ್ರ ಅರ್ಧ ಹೆಣ್ಣಾಗಿ ನಿಂದರ್ತಾವ. ನಾಕು ನೂರು ಮನಿ ಅನ್ನ ಅದರ ಮ್ಯಾಲೈತಿ."

"ನಿನ್ನ ಹೇಣ್ತಿ ಹೊಟ್ಟಿ?"

ಅವರು ತಟ್ಟೆ ನೋಡುತ್ತ ಉಂಡರು. ಏಳುವಾಗ, "ಗಂಡಾದ್ರ ಏನಾತು, ಕೂಸು ಕೂಸ ಅಲ್ಲೇನು" ಎಂದರು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅತ್ತೆ ಅವರ ತಟ್ಟೆ ಎತ್ತಿಕೊಂಡಳು. ಮಾರನೆಯ ದಿನದಿಂದ ಅವಳು ಮನೆಯ ಒಂದೊಂದು ಸಾಮಾನನ್ನು ಎತ್ತಿ ಬದಿಗಿಡತೊಡಗಿದಳು. ಎರಡು ಕೌದಿ, ಒಂದು ಬೋಗುಣಿ, ಬೀಸುವ ಕಲ್ಲಿನ ಬದಲು ಬೀಸಿದ ಹಿಟ್ಟು, ಉಪ್ಪು, ಖಾರದ ಪುಡಿ, ಕಂದೀಲು. ಮೂರನೇ ತಿಂಗಳು ಹಿಡಿದ ಕೂಡಲೇ ನಾವಿಬ್ಬರೂ ಗುಡ್ಡ ಹತ್ತಿದೆವು.

ಹಳ್ಳ ಹುಟ್ಟುವ ಜಾಗದಲ್ಲಿ ಒಂದು ಮಡುವಿದೆ. ಅದರ ಪಕ್ಕ ಕುರಿ ಕಾಯುವವರು ಬಿಟ್ಟುಹೋದ ಕಲ್ಲಿನ ಗುಡಿಸಲು. ಮಾಡು ಅರ್ಧ ಕುಸಿದಿತ್ತು. ಅತ್ತೆ ಬೋದೆ ಹುಲ್ಲು ಕೊಯ್ದು ಮಾಡಿಗೆ ಹೊದಿಸಿದಳು. ನನಗೆ ಕೆಲಸ ಹೇಳಲಿಲ್ಲ. ಮುಂಜಾನೆ ಮಡುವಿನ ನೀರು ಕುಡಿಯುವುದು, ಬಿಸಿಲೇರಿದ ಮೇಲೆ ಅದರಲ್ಲೇ ಮೀಯುವುದು, ಸಂಜೆ ಮತ್ತೆ ಕುಡಿಯುವುದು. ನೀರು ಹಲ್ಲು ಜುಮ್ಮೆನಿಸುವಷ್ಟು ತಣ್ಣಗಿತ್ತು. ನಮ್ಮವರು ಎರಡು ದಿನಕ್ಕೊಮ್ಮೆ ಮೇಲೆ ಬಂದು ಕಾಯಿಪಲ್ಲೆ, ಮೊಸರು ಕೊಟ್ಟು ಹೋಗುತ್ತಿದ್ದರು. ಬಂದಾಗ ಮಡುವಿನಲ್ಲಿ ಕೈಯಿಟ್ಟು ನೋಡುತ್ತಿದ್ದರು. ಊರಲ್ಲಿ ಜನ ನಗುತ್ತಿದ್ದಾರೆ ಎಂದು ಒಮ್ಮೆ ಹೇಳಿದರು. "ನಗಲಿ, ಅಷ್ಟರ ಮಟ್ಟಿಗೆ ಬಾಯಿ ತೆಗೀಲಿ" ಎಂದಳು ಅತ್ತೆ.

ಅವಳು ಅಲ್ಲಿ ಬೇರೆಯೇ ಹೆಂಗಸಾದಳು. ಮನೆಯಲ್ಲಿ ಇಡೀ ದಿನ ಮಾತಾಡುತ್ತಿದ್ದವಳು ಗುಡ್ಡದ ಮೇಲೆ ಗಂಟೆಗಟ್ಟಲೆ ಸುಮ್ಮನಿರುತ್ತಿದ್ದಳು. ಮಡುವಿನ ಅಂಚಿನಲ್ಲಿ ಕುಳಿತು ಸಣ್ಣ ಮೀನುಗಳನ್ನು ನೋಡುತ್ತಿದ್ದಳು. ಹಿಂದಿನ ಮಳೆಗಾಲಗಳಲ್ಲಿ ಹಳ್ಳ ಉಕ್ಕಿದಾಗ ಕೆರೆಯಿಂದ ಹತ್ತಿಬಂದ ಜಿಲೇಬಿಗಳೂ, ಆ ತಣ್ಣೀರಿನಲ್ಲಿ ಹೆಣ್ಣಾದ ಮರಿಗಳೂ ಅಲ್ಲಿ ಉಳಿದುಕೊಂಡಿದ್ದವು. ತೆಳ್ಳಗೆ, ಬಣ್ಣಗೆಟ್ಟು, ಯಾರೂ ಹಿಡಿಯಲು ಬಯಸದಂತಿದ್ದವು.

ಹದಿನೈದು ದಿನ ಕಳೆದಿರಬೇಕು, ನನಗೆ ಜ್ವರ ಬಂತು. ಮುಂಜಾನೆ ಮೈ ನೋವು ಎಂದೆ, ಬಿಸಿಲೇರುವಷ್ಟರಲ್ಲಿ ಮಾತು ತೊದಲತೊಡಗಿತು. ಅತ್ತೆ ಹಣೆ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. ಮೈ ಬಿಸಿಯಾದರೆ ಹೊಟ್ಟೆಯೊಳಗಿನ ನೀರೂ ಬಿಸಿಯಾಗುತ್ತದೆ ಎಂಬುದು ಇಬ್ಬರಿಗೂ ಹೊಳೆದಿತ್ತು. ಸೀರೆಯನ್ನು ಮಡುವಿನಲ್ಲಿ ಅದ್ದಿ ನನ್ನ ಮೇಲೆ ಹೊದಿಸಿದಳು. ಅದು ಹಬೆಯಾಡಿ ಒಣಗಿತು. ಮತ್ತೆ ಅದ್ದಿದಳು. ಅಷ್ಟರಲ್ಲಿ ನಮ್ಮವರು ಬುತ್ತಿ ಹಿಡಿದುಕೊಂಡು ಬಂದರು.

"ಕೆಳಗ ಕರಕೊಂಡು ಹೋಗೂಣೇನು?" ಎಂದು ಕೇಳಿದರು.

"ಇಕಿಗೆ ನಡಿಯಾಕ ಆಗೂದಿಲ್ಲ. ಡಾಕ್ಟರ ಕಡಿಂದ ಗುಳಿಗಿ ತಗೊಂಡು ಬಾ. ಸಂಜಿಗೆ ಇಳೀಲಿಲ್ಲಂದ್ರ ಹೊತ್ತುಕೊಂಡು ಇಳಿಯೂಣು. ಕೂಸು ಏನರ ಆಗವಲ್ದ್ಯಾಕ, ಇಕಿ ಉಳೀಬೇಕು."

ಅವರು ಓಡಿದರು. ತಿರುಗಿ ಬಂದಾಗ ಒಂದು ಕೈಯಲ್ಲಿ ಗುಳಿಗೆಯ ಪೊಟ್ಟಣ, ತಲೆಯ ಮೇಲೆ ಭತ್ತದ ಹೊಟ್ಟು ತುಂಬಿದ ಗೋಣಿಚೀಲ. ಚೀಲದಿಂದ ನೀರು ಇಳಿದು ಅಂಗಿ ಬೆನ್ನಿಗೆ ಅಂಟಿತ್ತು. ಚೀಲ ಇಳಿಸಿ ಹೊಟ್ಟು ಸರಿಸಿದಾಗ ಒಳಗೆ ಐಸಿನ ದಿಂಡು. ಗುಡ್ಡದ ಬುಡದವರೆಗೆ ಸೈಕಲ್ಲಿನಲ್ಲಿ ತಂದು, ಅಲ್ಲಿಂದ ಹೊತ್ತು ತಂದಿದ್ದರು.

"ಸಂಘದ ಐಸ್ ಅಲ್ಲೇನೋ ಇದು?" ಎಂದಳು ಅತ್ತೆ.

"ಹೌದು."

"ಕೇಳಿ ತಂದ್ಯಾ?"

"ಇಲ್ಲ."

ಇಬ್ಬರೂ ಐಸನ್ನು ಕಲ್ಲಿನಿಂದ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ನನ್ನ ಕತ್ತಿಗೆ, ಕಂಕುಳಿಗೆ, ಹೊಟ್ಟೆಯ ಇಕ್ಕೆಲಕ್ಕೆ ಇಟ್ಟರು. ಗುಳಿಗೆ ನುಂಗಿ ನಾನು ಕಣ್ಣು ಮುಚ್ಚಿದ್ದೆ. ನಿದ್ದೆ ಬಂದಿರಲಿಲ್ಲ. ಅತ್ತೆ ಮಗನೊಡನೆ ಮಾತಾಡಿದ್ದು ನನಗೆ ಪೂರ್ತಿ ಕೇಳಿಸಿತು.

"ನೀ ಹೊಟ್ಟ್ಯಾಗಿದ್ದಾಗ ನನ್ನ ಹಳ್ಳದ ದಂಡಿಗೆ ಕಳಿಸಿದ್ರು. ಮೊದಲನೇದು ಗಂಡಾಗಿತ್ತಲ್ಲ, ಎರಡನೇದು ತಂಪು. ನನಗೂ ಅದ ಬೇಕಾಗಿತ್ತು. ನಮ್ಮತ್ತಿ ದಿನಾ ಮುಂಜಾನೆ ಬುಗ್ಗಿ ನೀರು ಕೊಡದಾಗ ತುಂಬಿಕೊಂಡು, ಸೆರಗು ಮುಚ್ಚಿಕೊಂಡು ಬರ್ತಿದ್ಲು. ಇದನ್ನ ಕುಡಿ, ಇದರಾಗ ಜಳಕಾ ಮಾಡು ಅಂತಿದ್ಲು. ನಾನರ ಸಣ್ಣಾಕಿ. ಮಾಡಿದೆ."

ಐಸು ಜಜ್ಜುವ ಸದ್ದು ನಿಂತಿತು.

"ಹೆಣ್ಣಾಗಬೇಕಾಗಿದ್ದ ಕೂಸು ನಾನೇನು?"

"ನೀನ."

"ಇಷ್ಟು ವರ್ಷ ಇಲ್ಲದ್ದು ಈಗ ಯಾಕ ಹೇಳ್ತಿ?"

"ಆ ಬಾಗಲ ಏರಸಾಂವ ನೀನಲ್ಲೇನು, ಅದಕ್ಕ."

ಐಸು ಜಜ್ಜುವ ಸದ್ದು ಮತ್ತೆ ಶುರುವಾಯಿತು. ಆಮೇಲೆ ಅವರು, ಸಣ್ಣವರಿದ್ದಾಗ ಕೇಳುತ್ತಿದ್ದಿರಬಹುದಾದ ದನಿಯಲ್ಲಿ, "ಹಂಗಾರ ನಾ ನಿನಗ ಬ್ಯಾಡಾಗಿದ್ನೇನವ್ವಾ?" ಎಂದರು.

"ಅಕಿ ಬೇಕಾಗಿದ್ಲು. ನೀ ಬಂದಿ. ಬಂದ ಮ್ಯಾಲ ನೀನೂ ಬೇಕಾದಿ" ಎಂದಳು ಅತ್ತೆ. "ಆದ್ರ ಅಕಿ ಬ್ಯಾಡಾಗ್ಲಿಲ್ಲ."

ಸಂಜೆಗೆ ಜ್ವರ ಇಳಿಯಿತು. ನಮ್ಮವರು ಉಳಿದ ಐಸನ್ನು ಮಡುವಿಗೆ ಸುರಿದು, ಖಾಲಿ ಚೀಲ ಝಾಡಿಸಿ ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದರು. ಮತ್ತೆ ಒಂದು ವಾರಕ್ಕೆ, ನಾನು ಮಡುವಿನಲ್ಲಿ ಎದೆಮಟ್ಟ ನಿಂತಿದ್ದಾಗ ಬಾಯಿ ಉಪ್ಪಾಯಿತು. ಅತ್ತೆಗೆ ಹೇಳಿದೆ. ಅವಳು ಮಾಡಿನ ಮೇಲಿನ ಹುಲ್ಲನ್ನು ತೆಗೆದು ಕಂತೆ ಕಟ್ಟತೊಡಗಿದಳು. "ಕೆಳಗ ಎಮ್ಮಿಗೆ ಹಾಕಾಕ ಬರ್ತೈತಿ" ಎಂದಳು.

ಮಗಳು ಹುಟ್ಟಿದಳು. ನೀಲಗಂಗಾ ಎಂದು ಹೆಸರಿಟ್ಟೆವು. ಹೆಸರಿಡುವ ದಿನ ಊರಿಗೆ ಊರೇ ಬಂತು. ಹುಡುಗರು ಅಂಗಳದಲ್ಲಿ ಸಾಲುಗಟ್ಟಿ ನಿಂತು ಒಬ್ಬೊಬ್ಬರಾಗಿ ತೊಟ್ಟಿಲೊಳಗೆ ಇಣುಕಿದರು. ಆರತಿ ಹಿಡಿಯುತ್ತಿದ್ದವರಲ್ಲೊಬ್ಬ, ತನ್ನ ತಮ್ಮ ಹುಟ್ಟಿದಾಗಲೂ ಹೀಗೇ ಇದ್ದನಲ್ಲ ಎಂದು ನಿರಾಸೆಯಿಂದ ಹೇಳಿ ಹೋದ. ಹೆಂಗಸರು ಮಗುವನ್ನು ಎತ್ತಿಕೊಂಡು ಬೇಗ ಕೆಳಗಿಡುತ್ತಿರಲಿಲ್ಲ. ಆಮೇಲೆ ಗಂಡಸರು ಮಾತು ತೆಗೆದರು. ಮೊದಲು ಒಬ್ಬರು ತಮ್ಮ ಮೊಮ್ಮಗನಿಗೆ ಈಗಲೇ ಮಾತು ಕೊಡಿ ಎಂದರು. ಅವರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಎಲೆ ಅಡಿಕೆ ತಂದೇ ಬಂದಿದ್ದರೆಂದು ಆಗ ಗೊತ್ತಾಯಿತು. ಕೊನೆಗೆ ಸಂಘದ ಅಧ್ಯಕ್ಷರಾದ ಫಕೀರಪ್ಪನವರು ಎದ್ದು ನಿಂತರು. ಕಾಲುವೆ ಎಳೆಸಿದವರು ಅವರೇ. ಊರಿಗೆ ಉಪಕಾರ ಮಾಡಿದ ಮನುಷ್ಯ, ಮೂವರು ಮೊಮ್ಮಕ್ಕಳ ಅಜ್ಜ.

"ಕಾಶವ್ವಾ, ಬ್ಯಾರೆಯವರದು ಬಿಡು. ನಮ್ಮ ಮನಿಗೆ ಕೊಡು. ಕೂಸಿನ ಕಾಲು ನೆಲಕ್ಕ ಹತ್ತದಂಗ ನೋಡ್ಕೋತೀವಿ."

ನನ್ನ ಮಗಳು ಹದಿಮೂರು ದಿನದವಳು. ನಾನು ತೊಟ್ಟಿಲನ್ನು ನನ್ನ ಕಡೆಗೆ ಎಳೆದುಕೊಂಡೆ. ಹೆಣ್ಣು ಬೇಕೆಂದಾಗ ನನಗೆ ಇದು ಹೊಳೆದಿರಲಿಲ್ಲ. ಊರಿಗೆ ಒಂದೇ ಇದ್ದ ವಸ್ತು ಯಾವಾಗಲೂ ಇನ್ನೊಬ್ಬರದ್ದಾಗುತ್ತದೆ.

ಅತ್ತೆ ಅಧ್ಯಕ್ಷರ ಕೈಯಲ್ಲಿದ್ದ ಎಲೆಯನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಜನ ಅದನ್ನು ಒಪ್ಪಿಗೆ ಎಂದು ತಿಳಿದು ಗುಜುಗುಜು ಎಂದಿತು. ಅವಳು ಅಗಿದು, ಉಗುಳಿ ಬಂದು ಹೇಳಿದಳು. "ಎಲಿ ಚಲೋ ಐತಿ. ಹೆಣ್ಣು ಕೊಡೂದಿಲ್ಲ. ಯಾರಿಗೂ ಕೊಡೂದಿಲ್ಲ. ಇಕಿ ದೊಡ್ಡಾಕಿ ಆದ ಮ್ಯಾಲ ಇಕೀನ ಕೇಳ್ರಿ. ನಿಮಗ ಹೆಣ್ಣು ಬೇಕಂದ್ರ ಕೇಳಾಕ ಬರಬ್ಯಾಡ್ರಿ, ಹಡಿಯಾಕ ಹೋಗ್ರಿ. ಗುಡ್ಡ ಅಲ್ಲೇ ಐತಿ. ದಾರಿ ಬರಮ್ಯಾ ತೋರಸ್ತಾನ."

ಕೆಲವರು ಊಟ ಮಾಡದೆ ಎದ್ದು ಹೋದರು. ಆದರೆ ಮುಂದಿನ ತಿಂಗಳು ಒಬ್ಬ ಬಸುರಿ ಕೌದಿ ಸುತ್ತಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತಳು. ಅವಳ ಹಿಂದೆ ಅವಳ ಅತ್ತೆ ಹಿಟ್ಟಿನ ಡಬ್ಬಿ ಹಿಡಿದಿದ್ದಳು. ಮಳೆಗಾಲದ ಹೊತ್ತಿಗೆ ಗುಡಿಸಲಿನಲ್ಲಿ ಜಾಗ ಸಾಲದೆ ತಗಡಿನ ಮಾಡು ಇಳಿಸಬೇಕಾಯಿತು. ಗಂಡಂದಿರು ತಗಡು ಹೊತ್ತು ಗುಡ್ಡ ಹತ್ತುವುದನ್ನು ಕೆರೆಯ ಮೇಲಿನ ದೋಣಿಗಳಿಂದ ಎಲ್ಲರೂ ನೋಡುತ್ತಿದ್ದರು. ನಮ್ಮವರು ಸಂಘದ ಸಭೆಯಲ್ಲಿ ಮೊದಲ ಸಲ ಎದ್ದು ನಿಂತು, ವರ್ಷಕ್ಕೆ ಒಂದೆರಡು ತಿಂಗಳು ಕಾಲುವೆ ಬಾಗಿಲು ಇಳಿಸೋಣ ಎಂದರಂತೆ. "ಬಾಗಲ ಕಾಯೋ ಪಗಾರ ನಿಂದು, ಯೋಚನಿ ಮಾಡೋ ಪಗಾರ ಅಲ್ಲ" ಎಂದು ಯಾರೋ ಅಂದಾಗ ಸಭೆ ನಕ್ಕಿತಂತೆ. ಅವರು ಮನೆಗೆ ಬಂದು ಇದನ್ನು ನನಗೆ ಹೇಳಿ, ಮಗಳನ್ನು ಎತ್ತಿಕೊಂಡು ಹೊರಗೆ ಹೋದರು.

ಹೆಣ್ಣು ಮೀನಿಲ್ಲದ ಕೆರೆಯಲ್ಲಿ ಮರಿಯಾಗುವುದಿಲ್ಲವಲ್ಲ. ಸಂಘದವರು ಮರಿಗಳನ್ನು ದೂರದ ಊರಿನ ಒಂದು ಸಾಕಣೆ ಕೇಂದ್ರದಿಂದ ತರಿಸುತ್ತಿದ್ದರು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಲಾರಿಯಲ್ಲಿ ಬರುತ್ತಿದ್ದವು. ನೀಲಗಂಗಾ ಅಂಬೆಗಾಲಿಕ್ಕುತ್ತಿದ್ದ ವರ್ಷ ಲಾರಿ ಬರಲಿಲ್ಲ. ಅಲ್ಲಿ ರೋಗ ಬಿದ್ದು ಮೀನೆಲ್ಲ ಸತ್ತಿದ್ದವು. ಬೇರೆ ಕಡೆ ವಿಚಾರಿಸಿದರು, ಅಲ್ಲಿಯೂ ಅದೇ ಕಥೆ. ಕೆರೆಯಲ್ಲಿದ್ದದ್ದು ಹಿಡಿದು ತಿಂದರೆ ಮುಗಿಯುವಷ್ಟು ಗಂಡು ಮೀನು ಮಾತ್ರ. ಆಗ ಸಂಘ ಎಲ್ಲ ದೋಣಿಗಳನ್ನೂ ಕೆರೆಗಿಳಿಸಿ, ಎಲ್ಲಾದರೂ ಒಂದೆರಡು ಹೆಣ್ಣು ಉಳಿದಿವೆಯೋ ನೋಡಲು ಹೇಳಿತು. ನಾನು ಮಗಳನ್ನು ಕಂಕುಳಲ್ಲಿಟ್ಟುಕೊಂಡು ದಂಡೆಯಲ್ಲಿ ನಿಂತು ನೋಡಿದೆ. ಗಂಡಸರು ಬಲೆಯಿಂದ ಒಂದೊಂದೇ ಮೀನನ್ನು ತೆಗೆದು, ಎರಡು ಬೆರಳಿನಿಂದ ಅದರ ಬಾಯಿ ಅಗಲಿಸಿ, ಒಳಗೆ ಮೊಟ್ಟೆಯಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ, ತಿರುಗಿ ನೀರಿಗೆಸೆಯುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಬಾಯಿ ಅಗಲಿಸುವುದು, ನೋಡುವುದು, ಎಸೆಯುವುದು. ಕೆರೆಯ ತುಂಬ ಮೀನು ಬೀಳುವ ಸದ್ದು. ಎರಡನೆಯ ದಿನ ಮಧ್ಯಾಹ್ನ ಫಕೀರಪ್ಪನವರು ದಂಡೆಯ ಮೇಲೆ ಕುಳಿತುಬಿಟ್ಟರು.

ಮಡುವಿನ ಮೀನುಗಳ ವಿಷಯ ಹೇಳಿದವರು ನಮ್ಮವರು. ಸಂಘದವರು ಬಲೆ, ಪೀಪಾಯಿ ಹಿಡಿದುಕೊಂಡು ಗುಡ್ಡ ಹತ್ತಿದರು. ಅತ್ತೆ ಆ ವಾರ ಮೇಲೆಯೇ ಇದ್ದಳು. ಬಸುರಿಯರಿಗೆ ಅಡುಗೆ ಮಾಡಿಹಾಕುತ್ತಿದ್ದಳು. ನಾನು ಅವರಿಗೆ ಮೊಸರು ಕೊಡಲು ಹೋಗಿದ್ದೆ, ಹಾಗಾಗಿ ಅಲ್ಲಿ ನಡೆದದ್ದನ್ನು ಕಣ್ಣಾರೆ ಕಂಡೆ. ಬಸುರಿಯರು ಮಡುವಿನಲ್ಲಿ ಮೀಯುತ್ತಿದ್ದ ಹೊತ್ತು. ಗಂಡಸರು ಬಂದದ್ದನ್ನು ನೋಡಿ ಅತ್ತೆ ದಾರಿಗೆ ಅಡ್ಡ ನಿಂತಳು. ಫಕೀರಪ್ಪನವರು ದೂರದಲ್ಲೇ ನಿಂತು, ಬೆನ್ನು ತಿರುಗಿಸಿಕೊಂಡೇ ಮಾತಾಡಿದರು.

"ಕಾಶವ್ವಾ, ಇಲ್ಲಿ ಹೆಣ್ಣು ಮೀನು ಅದಾವಂತ?"

"ಅದಾವ. ಬಾಯಿ ತುಂಬ ತತ್ತಿ ಇಟ್ಕೊಂಡು ಕುಂತಾವ."

"ಊರಿನ ಸಲುವಾಗಿ ಒಂದಿಷ್ಟು ಬೇಕಾಗಿದ್ವು."

"ಒಯ್ರಿ. ಆದ್ರ ಮೊದಲ ಬಾಗಲ ಇಳಸ್ರಿ."

ಫಕೀರಪ್ಪನವರು ನಕ್ಕರು. ಬೆನ್ನು ಅಲುಗಿದ್ದರಿಂದ ನನಗೆ ತಿಳಿಯಿತು. "ಅದನ್ನ ಹೇಳೂದು ಬ್ಯಾಡವ್ವಾ. ಮರಿ ಹೆಣ್ಣಾಗಬೇಕಂದ್ರ ಹೆಂಗೂ ಇಳಸಬೇಕು. ಇನ್ನ ಮ್ಯಾಲ ಅರ್ಧ ಬಿಸಿ, ಅರ್ಧ ತಂಪು ಅಂತ ಸಂಘದಾಗ ನಿನ್ನೇನ ಠರಾವು ಆತು."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳಿಗೆ ಇದು ನೋವಾಯಿತೆಂದು ಕಾಣುತ್ತದೆ. ಇಷ್ಟು ವರ್ಷ ಹೆಂಗಸರು ಕೇಳಿ ಆಗದೇ ಇದ್ದದ್ದು ಮೀನು ಕೇಳಿ ಆಗಿತ್ತು. "ಹಂಗಾರ ಊರಿಗೆ ಹೇಳೂಮುಂದ ಮೀನಿನ ಸಲುವಾಗಿ ಅಂತ ಹೇಳಬ್ಯಾಡ್ರಿ" ಎಂದಳು. "ಮಕ್ಕಳ ಸಲುವಾಗಿ ಅಂತ ಹೇಳ್ರಿ."

"ಮಂದಿ ನಗತಾರಲ್ಲವ್ವಾ."

"ನಗಲಿ. ಹೇಳ್ತೀರೋ, ಇಲ್ಲೋ?"

ಮರುದಿನ ಸಂಘದ ಮೈಕಿನಲ್ಲಿ ಫಕೀರಪ್ಪನವರ ದನಿ ಕೇಳಿಸಿತು. ಮಕ್ಕಳ ಸಲುವಾಗಿ, ಎಂದು ಹೇಳಿ ಕೆಮ್ಮಿ, ಮೀನಿನ ಸಲುವಾಗಿಯೂ, ಎಂದು ಸೇರಿಸಿ, ಕಾಲುವೆಯ ಬಾಗಿಲು ಇಳಿಸಲಾಗುವುದು ಎಂದರು. ನಮ್ಮವರು ತಿರುಪು ತಿರುಗಿಸಿದರು. ಬಾಗಿಲು ಇಳಿಯುವಾಗ ತುಕ್ಕಿನ ಸದ್ದು ಊರಿಗೆಲ್ಲ ಕೇಳಿಸಿತು. ಮಡುವಿನ ತೆಳ್ಳನೆಯ ಹೆಣ್ಣು ಮೀನುಗಳನ್ನು ಪೀಪಾಯಿಯಲ್ಲಿ ಇಳಿಸಿ ಹೊಂಡಕ್ಕೆ ಬಿಟ್ಟರು. ಆ ವರ್ಷ ಮೀನು ಕಡಿಮೆ ಸಿಕ್ಕಿತು. ಮರುವರ್ಷ ಸಣ್ಣ ಮೀನು ಬಂತು, ಜನ ಗೊಣಗಿದರು, ತಿಂದರು. ಹಳ್ಳದ ದಂಡೆ ಪೂರ್ತಿ ತಣ್ಣಗಾಗಲಿಲ್ಲ. ಕಾಲುವೆಯ ನೀರು ಎಷ್ಟೋ ಕಾಲ ಮಣ್ಣಿನಲ್ಲಿ ಇಂಗಿ ಆ ನೆಲವೇ ಬೆಚ್ಚಗಾಗಿತ್ತು. ಬುಗ್ಗಿ ದಂಡೆಯ ಬಿಸಿಯೂ ಎಲ್ಲ ಕಡೆ ಹರಡಿ ಮೊದಲಿನಷ್ಟು ಉಳಿದಿರಲಿಲ್ಲ. ಕೆರೆಯ ನೀರು ಎಲ್ಲಿ ಮುಟ್ಟಿದರೂ ಬಿಸಿ ಎನ್ನುವಂತಿಲ್ಲ, ತಂಪು ಎನ್ನುವಂತಿಲ್ಲ. ಮರಿಹೊಂಡದಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ನಮ್ಮವರಿಗೇ ತಿಳಿಯದಾಯಿತು. ಒಂದೇ ಬೊಗಸೆಯಲ್ಲಿ ಎರಡೂ ಇರುತ್ತಿದ್ದವು.

ನಾನು ಎರಡನೆಯ ಸಲ ಬಸುರಾದಾಗ ಅತ್ತೆಯ ಮೊಣಕಾಲು ಹಿಡಿದುಕೊಂಡಿತ್ತು, ಗುಡ್ಡ ಹತ್ತುವಂತಿರಲಿಲ್ಲ. "ಯಾವ ಕಡೆ ಹೋಗ್ತಿ?" ಎಂದು ಕೇಳಿದಳು. "ಎಲ್ಲೂ ಹೋಗೂದಿಲ್ಲತ್ತಿ, ಇಲ್ಲೇ ಇರ್ತೀನಿ" ಎಂದೆ. ಅವಳು ತಲೆಯಾಡಿಸಿದಳು. ಉಳಿದವರು ಇನ್ನೂ ಗುಡ್ಡಕ್ಕೋ ಬುಗ್ಗಿಯ ಬಾಯಿಗೋ ಹೋಗುತ್ತಿದ್ದರು, ಎಲ್ಲೂ ಹೋಗದೆ ಉಳಿದವಳು ನಾನೇ ಮೊದಲು. ಮೂರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದಾಗ ಬಾಯಿ ಉಪ್ಪಾಯಿತು. ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ. ಒಳಗೆ ಒಬ್ಬರು ಏನನ್ನೋ ತೀರ್ಮಾನಿಸಿದ್ದರು, ನನಗೆ ಹೇಳಿರಲಿಲ್ಲ. ಆಮೇಲಿನ ತಿಂಗಳುಗಳು ಮನೆಯಲ್ಲಿ ಎಲ್ಲರಿಗೂ ಕಷ್ಟವಾಗಿದ್ದವು. ಈ ಊರಿನವರಿಗೆ ಗೊತ್ತಿಲ್ಲದ ಮಗುವಿಗಾಗಿ ಕಾಯುವುದು ಬಾರದು. ನೆರೆಯವರು ಕುಲಾವಿ ಹೊಲಿಯಲು ಬಟ್ಟೆ ಹಿಡಿದುಕೊಂಡು ಬಂದು, ಗಂಡಿಗೋ ಹೆಣ್ಣಿಗೋ ಎಂದು ಗೊತ್ತಾಗದೆ ಹಿಂದಕ್ಕೆ ಒಯ್ದರು. ನಮ್ಮವರು ನಿದ್ದೆಯಲ್ಲಿ ಮಗ್ಗಲು ಬದಲಾಯಿಸುತ್ತಿದ್ದರು. ನೀಲಗಂಗಾ ಒಬ್ಬಳೇ ನನ್ನ ಹೊಟ್ಟೆಗೆ ಬಾಯಿಟ್ಟು "ಏ" ಎಂದು ಕರೆಯುತ್ತಿದ್ದಳು. ಯಾವ ಹೆಸರಿಗೂ ಆ ಕರೆ ಸಲ್ಲುತ್ತಿತ್ತು.

ನಡುಮಧ್ಯಾಹ್ನ ಹೆರಿಗೆಯಾಯಿತು. ಅತ್ತೆಯೇ ಹಿಡಿದಳು. ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿ ನನ್ನ ಎದೆಯ ಮೇಲಿಟ್ಟು, ಬಾಗಿಲ ಹತ್ತಿರ ಹೋಗಿ ಅಗುಳಿ ತೆಗೆದಳು. ಹೊರಗೆ ಜನ ಸೇರಿತ್ತು. ಈ ಊರಿನಲ್ಲಿ ಹೆರಿಗೆಯಾದ ಮನೆಯ ಮುಂದೆ ನಿಂತವರು ಕೂಸು ಅತ್ತಿತೇ, ತಾಯಿ ಎಚ್ಚರವಿದ್ದಾಳೆಯೇ ಎಂದಷ್ಟೇ ಕೇಳುವ ರೂಢಿ. ಉಳಿದದ್ದು ಆರು ತಿಂಗಳ ಮೊದಲೇ ಊರಿಗೆಲ್ಲ ಗೊತ್ತಿರುತ್ತಿತ್ತು. ನಮ್ಮವರು ಹೊಸ್ತಿಲಿಗೆ ಬಂದು ನಿಂತರು. ಬಾಯಿ ತೆರೆದರು, ಮುಚ್ಚಿದರು. ಆ ಪ್ರಶ್ನೆಯನ್ನು ಹೇಗೆ ಕೇಳುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ.

"ಅವ್ವಾ, ಏನು?" ಎಂದರು ಕೊನೆಗೆ.

ಉತ್ತರ ಹೇಗೆ ಕೊಡುತ್ತಾರೆಂದು ಅತ್ತೆಗೂ ಗೊತ್ತಿರಲಿಲ್ಲ. ಅವಳು ಹಿಂತಿರುಗಿ ನನ್ನ ಮುಖ ನೋಡಿದಳು. ಹೊರಗಿನ ಜನ ಹೊಸ್ತಿಲ ಕಡೆಗೆ ಒತ್ತಿಕೊಂಡು ಬರುವುದು ಒಳಗೆ ನನಗೆ ಕೇಳಿಸುತ್ತಿತ್ತು. ಕೂಸು ಕಣ್ಣು ಬಿಟ್ಟು, ಬೆಳಕಿಗೆ ಒಗ್ಗದೆ ಮತ್ತೆ ಮುಚ್ಚಿಕೊಂಡಿತು. ಅದರ ಮುಷ್ಟಿ ಬಿಡಿಸಿ ಬೆರಳುಗಳನ್ನು ಎಣಿಸುತ್ತಿದ್ದ ನಾನು, ಅಷ್ಟು ಹೊತ್ತಾದರೂ ಸುತ್ತಿದ ಬಟ್ಟೆಯನ್ನು ಸರಿಸಿ ನೋಡಿರಲಿಲ್ಲ.